ಈ ಸಲ ಏನು ಬಿಟ್ರಿ? ಅಂಜೂರದ ಮರದ ಸಾಮತಿಯೊಡನೆ ತಪಸ್ಸುಕಾಲ ಕಳೆಯುವ ಬಗೆ

ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ 40 ದಿನದ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ, ಹಣೆಗೆ ಬೂದಿ ಹಚ್ಚಿಸಿಕೊಂಡು ಚರ್ಚಿನಿಂದ ಹೊರಗೆ ಬರುತ್ತಿದ್ದ ಹಾಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಈ ಸಲ ಏನು ಬಿಟ್ರಿ?" ಒಬ್ಬರು ಮಾಂಸ ಬಿಟ್ಟಿರುತ್ತಾರೆ, ಒಬ್ಬರು ಕಾಫಿಗೆ ಸಕ್ಕರೆ, ಇನ್ನೊಬ್ಬರು ರಾತ್ರಿಯ ಸೀರಿಯಲ್ಲು. ನಾನೂ ಹೀಗೆ ವರ್ಷಗಟ್ಟಲೆ ಒಂದೊಂದು ಬಿಟ್ಟು, ಪಾಸ್ಖ ಹಬ್ಬದ ಮಧ್ಯಾಹ್ನದ ಊಟಕ್ಕೆ ಎಲ್ಲವನ್ನೂ ವಾಪಸ್ ಹಿಡಿದವನೇ. ಬಿಡುವುದು ತಪ್ಪಲ್ಲ. ಆದರೆ 40 ದಿನ ಬಿಟ್ಟ ಮೇಲೂ ಒಳಗೆ ಏನೂ ಅಲುಗಿರುವುದಿಲ್ಲವಲ್ಲ, ಅದಕ್ಕೆ ಏನು ಮಾಡುವುದು? ನನಗೆ ದಾರಿ ತೋರಿಸಿದ್ದು ನಾಲ್ಕೇ ವಚನಗಳ ಒಂದು ಸಾಮತಿ, ಅಂದರೆ ಯೇಸು ಹೇಳಿದ ಒಂದು ಸಣ್ಣ ದೃಷ್ಟಾಂತಕತೆ: ಬೈಬಲಿನಲ್ಲಿ ಲೂಕನ ಶುಭಸಂದೇಶದ 13ನೇ ಅಧ್ಯಾಯ, 6ರಿಂದ 9. ಪ್ರೊಟೆಸ್ಟೆಂಟ್ ಬಂಧುಗಳ ಸತ್ಯವೇದದಲ್ಲಿ ಇದನ್ನು ಸಾಮ್ಯ ಎನ್ನುತ್ತಾರೆ. ಹೆಸರು ಬೇರೆಯಾದರೂ ಮರ ಅದೇ.

ಕತೆ ಇಷ್ಟು. ಒಬ್ಬನ ದ್ರಾಕ್ಷಿತೋಟದಲ್ಲಿ ಒಂದು ಅಂಜೂರದ ಮರ. ಹಣ್ಣು ಹುಡುಕಿಕೊಂಡು ಯಜಮಾನ ಬರುತ್ತಾನೆ, ಸಿಗುವುದಿಲ್ಲ. ತೋಟಗಾರನನ್ನು ಕರೆದು, ಮೂರು ವರ್ಷದಿಂದ ಬರುತ್ತಿದ್ದೇನೆ, ಒಂದು ಹಣ್ಣಿಲ್ಲ, ಕಡಿದುಹಾಕು, ಸುಮ್ಮನೆ ನೆಲ ಹಾಳು ಅನ್ನುತ್ತಾನೆ. ತೋಟಗಾರ, ಅಯ್ಯಾ, ಇದೊಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ, ಹಣ್ಣು ಬಿಟ್ಟರೆ ಸರಿ, ಇಲ್ಲವಾದರೆ ಕಡಿಸಿ ಅನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಯಜಮಾನ ಒಪ್ಪಿದನೋ ಇಲ್ಲವೋ, ಮರ ಫಲ ಕೊಟ್ಟಿತೋ ಇಲ್ಲವೋ, ಲೂಕ ಬರೆದಿಲ್ಲ.

ಕಥೋಲಿಕ ಪೂಜಾಪಾಠಗಳ ಮೂರು ವರ್ಷದ ಚಕ್ರದಲ್ಲಿ ಇದು 'ಸಿ' ವರ್ಷದ ತಪಸ್ಸುಕಾಲದ ಮೂರನೇ ಭಾನುವಾರ ಬರುತ್ತದೆ. 2025ರಲ್ಲಿ ಬಂದಿತ್ತು. ಮುಂದಿನ ಸರದಿ 2028ರ ಮಾರ್ಚ್ 19. ಯಜಮಾನ ಮೂರು ವರ್ಷ ಬಂದು ಮರವನ್ನು ನೋಡಿದ; ಈ ಪಾಠವೂ ಮೂರು ವರ್ಷಕ್ಕೊಮ್ಮೆ ಬಂದು ನಮ್ಮನ್ನು ನೋಡಿಕೊಂಡು ಹೋಗುತ್ತದೆ ಎಂದು ನಾನು ತಮಾಷೆಗೆ ಹೇಳುವುದುಂಟು. ನಡುವಿನ ವರ್ಷಗಳಲ್ಲಿ ಭಾನುವಾರದ ಪೂಜೆಗಾಗಿ ಕಾಯಬೇಡಿ, ನೀವೇ ಪುಟ ತೆರೆಯಿರಿ.

ಸಿದ್ಧತೆ

ದಿನಕ್ಕೆ 20 ನಿಮಿಷ ಸಾಕು. ದಿನವೂ ಅದೇ ಹೊತ್ತು, ಅದೇ ಕುರ್ಚಿ. ಮನೆಯವರು ಏಳುವ ಮುಂಚಿನ ಹೊತ್ತು ಒಳ್ಳೆಯದು ಅನ್ನುತ್ತಾರೆ. ನನಗೆ ಬೆಳಗಿನ ಕಾಫಿ ಆಗದೆ ದೇವರೂ ಅರ್ಥವಾಗುವುದಿಲ್ಲ, ಹಾಗಾಗಿ ಕಾಫಿಯಾದ ಮೇಲೆ. ಬೈಬಲ್ ಅಚ್ಚಾದ ಪುಸ್ತಕವೇ ಇರಲಿ. ಫೋನಿನಲ್ಲಿ ಓದುವಾಗ, ಮೊದಲ ವಚನದಲ್ಲೇ ಬರುವ ರೋಮನ್ ಅಧಿಕಾರಿ ಪಿಲಾತನ ಹೆಸರಿನ ಮೇಲೆಯೇ ವಾಟ್ಸಾಪ್ ಬಂದು ಕೂರುತ್ತದೆ. ಬರೆಯಲು ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳು, ಒಂದು ಪೆನ್ಸಿಲ್. ಪೆನ್ನು ಬೇಡ. ಪೆನ್ನಿನಲ್ಲಿ ಬರೆಯುವಾಗ ಯಾರೋ ಓದುತ್ತಾರೆ ಅನ್ನುವ ಹಾಗೆ ಬರೆಯುತ್ತೇವೆ.

ವಿಭೂತಿ ಬುಧವಾರದಿಂದ, ಪಾಸ್ಖದ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ ಲೆಕ್ಕ ಹಾಕಿದರೆ 46 ದಿನ, ಭಾನುವಾರಗಳನ್ನು ಬಿಟ್ಟರೆ 40. ಭಾನುವಾರ ಏನೂ ಬರೆಯಬೇಡಿ, ನಾಲ್ಕು ವಚನ ಓದಿ ಪುಸ್ತಕ ಮುಚ್ಚಿ. ಉಳಿದ ದಿನಗಳನ್ನು ಸುಮಾರಾಗಿ ಹೀಗೆ ಹಂಚಿಕೊಳ್ಳಿ: ಮೊದಲ ನಾಲ್ಕು ದಿನ ಬರೀ ಓದು, ಮೊದಲ ವಾರ ಸಾಮತಿಯ ಮುಂಚಿನ ಐದು ವಚನ, ಎರಡನೇ ವಾರ ಮೂರು ಪಾತ್ರಗಳು, ಮೂರು ಮತ್ತು ನಾಲ್ಕನೇ ವಾರ ಅಗೆತ, ಐದನೇ ವಾರ ಗೊಬ್ಬರ, ಪವಿತ್ರ ವಾರದಲ್ಲಿ ಒಂದೇ ಒಂದು ಮಾತು. ಒಂದು ದಿನ ತಪ್ಪಿದರೆ ಮಾರನೇ ದಿನ ಎರಡು ಪಾಲು ಮಾಡಲು ಹೋಗಬೇಡಿ. ಬಾಕಿ ತೀರಿಸುವುದಕ್ಕೆ ಇದು ಸೊಸೈಟಿ ಸಾಲವಲ್ಲ.

ಮೊದಲ ನಾಲ್ಕು ದಿನ: ಗಟ್ಟಿಯಾಗಿ ಓದಿ

1ರಿಂದ 9ನೇ ವಚನದವರೆಗೆ ಬಾಯಿಬಿಟ್ಟು ಓದಿ, ಎರಡು ಸಲ. ಸಾಧ್ಯವಾದರೆ ಒಂದು ದಿನ ಕಥೋಲಿಕ ಅನುವಾದ, ಇನ್ನೊಂದು ದಿನ ಸತ್ಯವೇದ. ಮನೆಯಲ್ಲಿ ಕೊಂಕಣಿ, ತುಳು, ತಮಿಳು ಆಡುವವರು ಆ ಭಾಷೆಯಲ್ಲೂ ಓದಲಿ. ಓದಿದ ಮೇಲೆ ಅರ್ಥ ಬರೆಯಬೇಡಿ, ಇರುವುದನ್ನು ಬರೆಯಿರಿ: ಎಷ್ಟು ಜನ ಮಾತಾಡಿದರು, ಯಾರು ಮಾತಾಡಲಿಲ್ಲ, ಎಷ್ಟು ವರ್ಷ, ಯಾವ ಕೆಲಸ. ಮೂರನೇ ದಿನ ಇಲ್ಲದ್ದನ್ನು ಬರೆಯಿರಿ. ಮರಕ್ಕೆ ರೋಗವಿತ್ತೇ? ಹೇಳಿಲ್ಲ. ತೋಟಗಾರ ಹಿಂದಿನ ಮೂರು ವರ್ಷ ಗೊಬ್ಬರ ಹಾಕಿದ್ದನೇ? ಹೇಳಿಲ್ಲ. ಈ ಎರಡನೆಯ ಪ್ರಶ್ನೆ ನನ್ನನ್ನು ಒಂದಿಡೀ ತಪಸ್ಸುಕಾಲ ಕಾಡಿತ್ತು.

12ನೇ ಶತಮಾನದಲ್ಲಿ ಗ್ವೀಗೋ ಎಂಬ ಕಾರ್ಥೂಸಿಯನ್ ಮಠವಾಸಿ ದೈವವಾಕ್ಯದ ಓದನ್ನು ಏಣಿಗೆ ಹೋಲಿಸಿ ನಾಲ್ಕು ಮೆಟ್ಟಿಲು ಹೇಳಿದ: ಓದು, ಮನನ, ಪ್ರಾರ್ಥನೆ, ಮೌನಧ್ಯಾನ. ನಾವು ಮಾಡುತ್ತಿರುವುದು ಅದನ್ನೇ, ಸ್ವಲ್ಪ ತೋಟದ ಕೆಲಸ ಸೇರಿಸಿಕೊಂಡು. ಬಹಳ ಮಂದಿ ಮೊದಲ ಮೆಟ್ಟಿಲಲ್ಲಿ ನಿಲ್ಲುವುದೇ ಇಲ್ಲ, ಅಲ್ಲಿಂದ ನೇರ ಪ್ರಬೋಧನೆಗೆ ಹಾರುತ್ತಾರೆ.

ಮೊದಲ ವಾರ: ಬಿದ್ದ ಗೋಪುರ

ಸಾಮತಿ ಶುರುವಾಗುವುದು 6ನೇ ವಚನದಲ್ಲಿ. ಧ್ಯಾನ ಶುರುವಾಗಬೇಕಾದದ್ದು 1ರಲ್ಲಿ. ಕೆಲವರು ಯೇಸುಸ್ವಾಮಿಯ ಬಳಿ ಒಂದು ಸುದ್ದಿ ತರುತ್ತಾರೆ. ಬಲಿ ಅರ್ಪಿಸುತ್ತಿದ್ದ ಗಲಿಲೇಯದವರನ್ನು ಪಿಲಾತ ಕೊಲ್ಲಿಸಿ ಅವರ ರಕ್ತವನ್ನು ಬಲಿಯ ರಕ್ತದೊಡನೆ ಬೆರೆಸಿದನಂತೆ. ಯೇಸುವೇ ಇನ್ನೊಂದು ಸುದ್ದಿ ಸೇರಿಸುತ್ತಾರೆ: ಜೆರುಸಲೇಮಿನ ಸಿಲೋವಾಮಿನಲ್ಲಿ ಗೋಪುರ ಕುಸಿದು 18 ಮಂದಿ ಸತ್ತರು. ಪಿಲಾತ ಯೂದಾಯವನ್ನು ಆಳಿದ್ದು ಕ್ರಿ.ಶ. 26ರಿಂದ 36ರವರೆಗೆ. ಈ ಎರಡು ಘಟನೆಗಳನ್ನು ನಮಗೆ ತಿಳಿಸಿದವನು ಲೂಕ ಒಬ್ಬನೇ. ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳೇ ಎಂದು ಯೇಸು ಕೇಳುತ್ತಾರೆ. ಅಲ್ಲ ಎಂದು ಅವರೇ ಉತ್ತರಿಸುತ್ತಾರೆ, ಎರಡೆರಡು ಸಲ.

ಈ 'ಅಲ್ಲ' ನಮ್ಮ ಬಾಯಿಗೆ ಸುಲಭವಾಗಿ ಬರುವುದಿಲ್ಲ. ಟಿವಿಯಲ್ಲಿ ಬಸ್ಸು ಮಗುಚಿದ ಸುದ್ದಿ ಬಂದರೆ "ಯಾರ ಪಾಪವೋ" ಅನ್ನುತ್ತೇವೆ. ಆಗದವರಿಗೆ ಕಷ್ಟ ಬಂದರೆ "ಮಾಡಿದ್ದುಣ್ಣೋ ಮಹಾರಾಯ" ಎಂದು ಮನಸ್ಸಿನಲ್ಲೇ ಒಂದು ಚಪ್ಪಾಳೆ ತಟ್ಟುತ್ತೇವೆ. ಚರ್ಚಿಗೆ ಹೋಗುವವರೇನೂ ಇದಕ್ಕೆ ಹೊರತಲ್ಲ. ಹಾಗಾಗಿ ಈ ವಾರದ ಅಭ್ಯಾಸ ಇದು. ಇತ್ತೀಚೆಗೆ ಕೇಳಿದ ಒಂದು ದುರಂತದ ಸುದ್ದಿ ಬರೆಯಿರಿ. ಕೇಳಿದ ಕ್ಷಣ ನಿಮ್ಮ ಮನಸ್ಸಿಗೆ ಬಂದ ಮೊದಲ ಮಾತನ್ನು, ಎಷ್ಟೇ ನಾಚಿಕೆಯಾದರೂ, ಅದರ ಪಕ್ಕದಲ್ಲಿ ಬರೆಯಿರಿ. ಮಾರನೇ ದಿನ ಅದರ ಕೆಳಗೆ ಯೇಸುವಿನ 'ಅಲ್ಲ' ಬರೆಯಿರಿ. ಇನ್ನೂ ಎರಡು ದಿನ ಬಿಟ್ಟು, ಯಾರದೋ ಸಾವಿನಿಂದ ನಮ್ಮ ಕಡೆಗೆ ಅವರು ಮಾತು ತಿರುಗಿಸುವುದನ್ನು ಓದಿ: ನೀವು ಪಶ್ಚಾತ್ತಾಪಪಡದಿದ್ದರೆ ನಿಮಗೂ ಅದೇ ಗತಿ. ಅದನ್ನು ಬೆದರಿಕೆಯಾಗಿ ಕೇಳಿಸಿಕೊಂಡ ದಿನಗಳಿಗಿಂತ, ಹೊತ್ತು ಕಡಿಮೆಯಿದೆ ಎಂಬ ಎಚ್ಚರಿಕೆಯಾಗಿ ಕೇಳಿಸಿಕೊಂಡ ದಿನಗಳಲ್ಲಿ ನನಗೆ ಹೆಚ್ಚು ಪ್ರಯೋಜನವಾಗಿದೆ.

ಈ ಐದು ವಚನ ಹಾರಿಸಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ನಮ್ಮ ವಾರ್ಡಿನ ಪ್ರಾರ್ಥನಾಕೂಟದಲ್ಲಿ ನೇರ ಮರದಿಂದ ಶುರುಮಾಡಿ, ಫಲ ಕೊಡದ ಮರಕ್ಕೆ ಕೊಡಲಿ ಏಟು ಬೀಳುತ್ತದೆ ಎಂದು ಜೋರಾಗಿಯೇ ಮಾತಾಡಿದ್ದೆ. ಎಲ್ಲರೂ ಹೋದ ಮೇಲೆ ಒಬ್ಬ ತಾಯಿ ಉಳಿದರು. ಎರಡು ವರ್ಷದ ಹಿಂದೆ ಅವರ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ. "ಹಂಗಾರೆ ನನ್ನ ಮಗ ಫಲ ಕೊಡ್ಲಿಲ್ಲ ಅಂತಾನಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಉತ್ತರ ಅದೇ ಪುಟದಲ್ಲಿ, ನಾನು ಓದದೆ ಬಿಟ್ಟ ಸಾಲುಗಳಲ್ಲಿ ಇತ್ತು.

ನೆಲದ ಪರಿಚಯ

ಎರಡನೇ ವಾರಕ್ಕೆ ಹೋಗುವ ಮುಂಚೆ ಒಂದು ದಿನ ಇದಕ್ಕೆ ಕೊಡಿ. ದ್ರಾಕ್ಷಿತೋಟದಲ್ಲಿ ಅಂಜೂರ ಯಾಕೆ ಎಂದು ನಮಗೆ ಅನ್ನಿಸಬಹುದು. ಆ ನಾಡಿನಲ್ಲಿ ಎರಡನ್ನೂ ಒಟ್ಟಿಗೆ ಬೆಳೆಯುವುದು ರೂಢಿ. ಪ್ರತಿಯೊಬ್ಬರೂ ತಮ್ಮ ದ್ರಾಕ್ಷಿಬಳ್ಳಿ, ತಮ್ಮ ಅಂಜೂರದ ಮರದ ಕೆಳಗೆ ಹೆದರಿಕೆಯಿಲ್ಲದೆ ಕೂರುವ ಕಾಲ ಬರುತ್ತದೆ ಎಂದು ಮೀಕ ಪ್ರವಾದಿ ಹಾಡಿದ್ದು ಅದಕ್ಕೇ. ಯೆಶಾಯನ 5ನೇ ಅಧ್ಯಾಯದಲ್ಲಿ ದ್ರಾಕ್ಷಿತೋಟವೆಂದರೆ ಇಸ್ರಯೇಲ್. ಯೆರೆಮೀಯನ 8ನೇ ಅಧ್ಯಾಯದಲ್ಲಿ ಅಂಜೂರದ ಮರದಲ್ಲಿ ಹಣ್ಣಿಲ್ಲ ಎಂಬ ದೇವರ ಅಳಲು. ಅಂದು ಕೇಳುತ್ತಿದ್ದವರಿಗೆ ಮರದ ಹೆಸರು ಬಂದ ಕೂಡಲೇ ಇದು ತಮ್ಮ ಮಾತು ಎಂದು ಹೊಳೆದಿರಬೇಕು. ಲೇವಿಯ ಗ್ರಂಥದ 19ನೇ ಅಧ್ಯಾಯದ ನಿಯಮವನ್ನೂ ನೋಡಿ: ನೆಟ್ಟ ಮರದ ಹಣ್ಣನ್ನು ಮೊದಲ ಮೂರು ವರ್ಷ ತಿನ್ನುವ ಹಾಗಿಲ್ಲ, ನಾಲ್ಕನೆಯ ವರ್ಷದ್ದು ದೇವರಿಗೆ, ಐದನೆಯ ವರ್ಷದ್ದು ಮನೆಗೆ. ಸಾಮತಿಯ ಮೂರು ವರ್ಷವನ್ನು ಇದರ ಮೇಲೆ ಎಣಿಸುವವರೂ ಇದ್ದಾರೆ. ಸಂತ ಅಗಸ್ಟೀನರು ಆ ಮೂರು ವರ್ಷಗಳಲ್ಲಿ ಮೋಶೆಯ ಧರ್ಮಶಾಸ್ತ್ರಕ್ಕೆ ಮುಂಚಿನ ಕಾಲ, ಧರ್ಮಶಾಸ್ತ್ರದ ಕಾಲ, ಕೃಪೆಯ ಕಾಲ ಎಂದು ಮನುಕುಲದ ಚರಿತ್ರೆಯನ್ನೇ ಕಂಡರು. ನನಗೆ ಅಷ್ಟು ದೂರ ಹೋಗುವ ಧೈರ್ಯವಿಲ್ಲ. ಮೂರು ವರ್ಷವೆಂದರೆ ತಾಳ್ಮೆ ತೀರಿತು ಎಂಬಷ್ಟು ಸಾಕು.

ಮಾರ್ಕ ಮತ್ತು ಮತ್ತಾಯನಲ್ಲಿ ಯೇಸುವಿನ ಮಾತಿಗೆ ಒಣಗಿಹೋಗುವ ಅಂಜೂರದ ಮರವೊಂದಿದೆ. ಲೂಕನಲ್ಲಿ ಆ ಪ್ರಸಂಗವಿಲ್ಲ. ಅವನ ಶುಭಸಂದೇಶದಲ್ಲಿರುವುದು ಇನ್ನೊಂದು ವರ್ಷದ ಗಡುವು ಕೇಳಿಸಿಕೊಂಡ ಮರ.

ಇನ್ನು ಅಂಜೂರ. ನಮ್ಮ ಆಲ, ಅರಳಿ, ಅತ್ತಿಗಳ ದಾಯಾದಿ ಅದು. ಇವುಗಳ ಹೂವು ಹೊರಗೆ ಕಾಣುವುದಿಲ್ಲ, ಕಾಯಿಯಂತೆ ಕಾಣುವ ಆ ಗುಂಡಿನ ಒಳಗೇ ಅರಳುತ್ತದೆ. ಮಾವಿನ ಮರದ ಕೆಳಗೆ ನಿಂತು "ಈ ಸಲ ಹೂ ಚೆನ್ನಾಗಿ ಬಂದಿದೆ" ಅಂದ ಹಾಗೆ ಅಂಜೂರದ ಕೆಳಗೆ ನಿಂತು ಅನ್ನಲಾಗದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಮ್ಮಲ್ಲಿ ಅಂಜೂರಕ್ಕೆ ಹೆಸರಾದದ್ದು ಬಳ್ಳಾರಿ. 19ನೇ ಶತಮಾನದ ಆರಂಭದಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದದ್ದೂ ಅದೇ ಬಳ್ಳಾರಿಯಲ್ಲಿ ಕೂತು. ಈ ಸಾಮತಿಯನ್ನು ಅನುವಾದಿಸುವ ಹೊತ್ತಿಗೆ ಅವರ ಕಿಟಕಿಯಾಚೆ ಏನು ಮರವಿತ್ತೋ ಎಂದು ನನಗೆ ಆಗಾಗ ಕುತೂಹಲವಾಗುತ್ತದೆ.

ಎರಡನೇ ವಾರ: ಮೂರು ಜಾಗದಲ್ಲಿ ಕೂತು ನೋಡಿ

ಯಜಮಾನನೆಂದರೆ ದೇವರು, ತೋಟಗಾರ ಯೇಸು, ಮರ ನಾವು. ಜ್ಞಾನೋಪದೇಶದ ಕ್ಲಾಸಿನಲ್ಲಿ ಕಲಿತದ್ದು ಇದೇ. ಹಳೆಯ, ಗೌರವದ ವ್ಯಾಖ್ಯಾನ. ಆದರೆ ಈ ವಾರ ಅದನ್ನು ಪಕ್ಕಕ್ಕಿಡಿ ಎಂದು ಕೇಳಿಕೊಳ್ಳುತ್ತೇನೆ. ಅದನ್ನೇ ಹಿಡಿದು ಕೂತರೆ ಕೊಡಲಿ ಹಿಡಿದ ಸಿಟ್ಟಿನ ತಂದೆ, ಅವನನ್ನು ಸಮಾಧಾನ ಮಾಡುವ ಮಗ ಎಂಬ ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಇದೇ ಲೂಕ ಎರಡು ಅಧ್ಯಾಯದ ಮುಂದೆ, ಮನೆಬಿಟ್ಟು ಹೋದ ಮಗನನ್ನು ಕಂಡು ಓಡಿಬರುವ ತಂದೆಯನ್ನು ತೋರಿಸುತ್ತಾನೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಕಷ್ಟ.

ಮೊದಲ ಎರಡು ದಿನ ಯಜಮಾನನ ಜಾಗದಲ್ಲಿ ಕೂತುಕೊಳ್ಳಿ. ಅವನು ಕ್ರೂರಿಯಲ್ಲ. ಜಾಗ ಕೊಟ್ಟಿದ್ದಾನೆ, ಮೂರು ವರ್ಷ ಕಾದಿದ್ದಾನೆ, ಅವನ ಲೆಕ್ಕ ಸರಿಯಾಗಿದೆ. ನಾನು ಯಾರ ಬಗ್ಗೆ ಇಂಥ ಸರಿಯಾದ ಲೆಕ್ಕ ಇಟ್ಟಿದ್ದೇನೆ? ಯಾರ ಬಗ್ಗೆ "ಇವನು ಉದ್ಧಾರ ಆಗಲ್ಲ ಬಿಡಿ" ಅಂದಿದ್ದೇನೆ? ಹೆಸರು ಬರೆಯಿರಿ. ಪಿಯುಸಿಯಲ್ಲಿ ಎರಡು ಸಲ ಫೇಲಾದ ಮಗ, ಕುಡಿಯುವ ಭಾವ, ಸರಿಯಾಗಿ ಮಾತಾಡದ ಸೊಸೆ. ನನ್ನ ಪಟ್ಟಿ ಬರೆದಾಗ ಅದರಲ್ಲಿ ಒಬ್ಬ ಪಾದ್ರಿಯೂ ಇದ್ದರು!

ಮುಂದಿನ ದಿನ ಮರ. ಇಡೀ ಸಾಮತಿಯಲ್ಲಿ ಒಂದೇ ಒಂದು ಮಾತಾಡದವರು ಅದೊಂದೇ. ಅದರ ತಲೆಯ ಮೇಲೇ ಅದರ ಸಾವಿನ ಚರ್ಚೆ ನಡೆಯುತ್ತಿದೆ. ಆ ದಿನ ಏನೂ ಬರೆಯಬೇಡಿ, ಏನೂ ಬೇಡಬೇಡಿ, 20 ನಿಮಿಷ ಸುಮ್ಮನೆ ಕೂತಿರಿ. ಮರ ತನ್ನನ್ನು ತಾನು ಅಗೆದುಕೊಳ್ಳಲಾರದು.

ಉಳಿದ ಮೂರು ದಿನ ತೋಟಗಾರ. ಕೂಲಿಯ ಮನುಷ್ಯ, ಆಗಲಿ ಧಣಿ ಅಂದು ಒಂದು ಗಂಟೆಯಲ್ಲಿ ಮರ ಉರುಳಿಸಿದ್ದರೆ ಅವನ ಕೆಲಸ ಮುಗಿಯುತ್ತಿತ್ತು. ಬದಲಿಗೆ ಯಾರೂ ಹೇಳದ ಒಂದು ವರ್ಷದ ಕೆಲಸವನ್ನು ಮೈಮೇಲೆ ಎಳೆದುಕೊಳ್ಳುತ್ತಾನೆ. ಈ ಜಾಗದಲ್ಲಿ ಕೂತಾಗಲೆಲ್ಲ ನನಗೆ ನಮ್ಮ ಅಜ್ಜಿಯ ನೆನಪು. ಹಿತ್ತಿಲಲ್ಲಿ ಕಾಯಿ ಹಿಡಿಯದ ಒಂದು ಹಲಸಿನ ಮರವಿತ್ತು. ಒಂದು ಸಂಜೆ ತಾತ ಕೊಡಲಿ ತಂದು ಬುಡಕ್ಕೆ ಒಂದು ಏಟು ಹಾಕಿ, "ಈ ವರ್ಷ ಕಡಿದೇಬಿಡ್ತೀನಿ" ಎಂದು ಮರಕ್ಕೆ ಕೇಳಿಸುವ ಹಾಗೆ ಕೂಗಿದರು. ಅಜ್ಜಿ ಓಡಿಬಂದು "ಬೇಡಿ, ಬಿಡಿ ಅತ್ಲಾಗಿ, ಬರೋ ವರ್ಷ ಬಿಡುತ್ತೆ" ಅಂದರು. ಇಬ್ಬರೂ ಸೇರಿ ಮರವನ್ನು ಹೆದರಿಸುವ ನಾಟಕ ಅದು ಎಂದು ನನಗೆ ಆಮೇಲೆ ಗೊತ್ತಾಯಿತು. ಮರ ಕಾಯಿ ಹಿಡಿಯಿತೋ ಇಲ್ಲವೋ ನೆನಪಿಲ್ಲ. ಮಾರನೇ ದಿನ ಬೆಳಿಗ್ಗೆ ಅಜ್ಜಿ ಒಬ್ಬರೇ ಸೆರಗು ಸಿಕ್ಕಿಸಿಕೊಂಡು ಗುದ್ದಲಿ ಹಿಡಿದು ಬುಡ ಬಿಡಿಸುತ್ತಿದ್ದದ್ದು ನೆನಪಿದೆ. ಅದು ನಾಟಕವಾಗಿರಲಿಲ್ಲ.

ನಿಮಗಾಗಿ "ಇದೊಂದು ವರ್ಷ ಬಿಡಿ" ಅಂದವರು ಯಾರು? ಒಂದು ಹೆಸರಾದರೂ ಸಿಗುತ್ತದೆ. ಬದುಕಿದ್ದರೆ ಫೋನ್ ಮಾಡಿ. ಇದೂ ಧ್ಯಾನದ ಭಾಗವೇ.

ಮೂರು ಮತ್ತು ನಾಲ್ಕನೇ ವಾರ: ಅಗೆತ

ಇಲ್ಲಿ ನಿಧಾನ ಮಾಡಿ. ತೋಟದ ಕೆಲಸ ಗೊತ್ತಿರುವವರಿಗೆ ಮೂರು ವಿಷಯ ಗೊತ್ತಿರುತ್ತದೆ.

ಮೊದಲನೆಯದು, ಬೇಸಿಗೆಯ ಒಣ ನೆಲಕ್ಕೆ ನೇರ ಗುದ್ದಲಿ ಹಾಕುವುದಿಲ್ಲ. ಹಿಂದಿನ ದಿನ ನೀರು ಬಿಟ್ಟು ನೆನೆಸುತ್ತಾರೆ. ನಮ್ಮ ಕಡೆ ತಪಸ್ಸುಕಾಲ ಬರುವುದೇ ಫೆಬ್ರವರಿ ಮಾರ್ಚ್‌ನಲ್ಲಿ, ನೆಲ ಬಿರುಕು ಬಿಡುವ ಹೊತ್ತಿಗೆ. ಹಾಗಾಗಿ ಈ ಎರಡು ವಾರ ಪ್ರತಿದಿನವೂ ಮೊದಲ ಐದು ನಿಮಿಷ 103ನೇ ಕೀರ್ತನೆ ಓದಿ. ಈ ಸಾಮತಿಯ ಭಾನುವಾರ ಹಾಡುವ ಕೀರ್ತನೆಯೂ ಅದೇ. ನಾವು ಬರೀ ಧೂಳು ಎಂಬುದನ್ನು ದೇವರು ಮರೆತಿಲ್ಲ ಎಂಬ ಅರ್ಥದ ಮಾತು 14ನೇ ವಚನದಲ್ಲಿದೆ; ವಿಭೂತಿ ಬುಧವಾರ ಬೂದಿ ಹಚ್ಚುವಾಗ ಕೇಳಿದ, ನೀನು ಮಣ್ಣು, ಮಣ್ಣಿಗೇ ಮರಳುವೆ ಎಂಬ ಮಾತು ಅಲ್ಲಿ ಕರುಣೆಯ ಮಾತಾಗಿ ವಾಪಸ್ ಬರುತ್ತದೆ. ಮೊದಲು ನೆನೆಯಬೇಕು, ಆಮೇಲೆ ಅಗೆಯಬೇಕು. ನೆನೆಯದೆ ಅಗೆದರೆ ಅದು ಆತ್ಮಪರೀಕ್ಷೆಯಲ್ಲ, ತನ್ನನ್ನು ತಾನು ಬೈದುಕೊಳ್ಳುವುದು.

ಎರಡನೆಯದು, ಕಾಂಡಕ್ಕೆ ಅಂಟಿಕೊಂಡು ಅಗೆಯುವುದಿಲ್ಲ. ಆಹಾರ ಹೀರುವ ಎಳೆಬೇರುಗಳಿರುವುದು ದೂರದಲ್ಲಿ, ಹೊರಗಿನ ಎಲೆಗಳ ಹನಿ ಬೀಳುವ ಸುತ್ತಿನಲ್ಲಿ. ಪಾತಿ ಮಾಡುವುದು ಅಲ್ಲಿ. ಹಾಳೆಯ ಮೇಲೆ ನಡುವೆ ಒಂದು ಚುಕ್ಕಿ ಇಡಿ, ಅದು ನೀವು. ಸುತ್ತ ಒಂದು ವೃತ್ತ ಎಳೆಯಿರಿ. ನಾನು ಕೆಟ್ಟವನು, ನನ್ನಲ್ಲಿ ಅಹಂಕಾರವಿದೆ ಎಂಬಂಥ ದೊಡ್ಡ ಮಾತುಗಳನ್ನು ಚುಕ್ಕಿಯ ಹತ್ತಿರ ಬರೆಯಬೇಡಿ. ವೃತ್ತದ ಮೇಲೆ, ದಿನದಿನದ ಬದುಕು ಹೊರಗಿನದನ್ನು ಮುಟ್ಟುವ ಕಡೆ, ಸಣ್ಣ ನಿಜಗಳನ್ನು ಬರೆಯಿರಿ. ಜಮೀನು ಪಾಲಾದ ಮೇಲೆ ಅಣ್ಣನ ಮನೆಗೆ ಹೋಗಿಲ್ಲ. ಕೆಲಸದಾಕೆ ರಜೆ ಹಾಕಿದ ದಿನದ ಸಂಬಳ ಹಿಡಿದೆ. ರಾತ್ರಿ 11ರ ಮೇಲೂ ಫೋನು. ಅಮ್ಮ ಮಾತಾಡುವಾಗ ಮುಖ ನೋಡುವುದಿಲ್ಲ.

ಮೂರನೆಯದು, ಒಂದೇ ದಿನ ಸುತ್ತ ಪೂರ್ತಿ ಅಗೆದರೆ ಬೇರು ಸಡಿಲವಾಗಿ ಮರವೇ ವಾಲುತ್ತದೆ. ವೃತ್ತದ ಮೇಲೆ ಬರೆದದ್ದರಲ್ಲಿ ಒಂದನ್ನು, ಒಂದೇ ಒಂದನ್ನು ಆರಿಸಿಕೊಳ್ಳಿ. ಮಣ್ಣು ಎಲ್ಲಿ ಅತಿ ಗಟ್ಟಿಯಾಗಿದೆಯೋ, ಓದುವಾಗ ಎಲ್ಲಿ "ಅದನ್ನು ಬಿಟ್ಟು ಬೇರೆ ಕೇಳಿ" ಅನ್ನಿಸುತ್ತದೋ, ಸಾಧಾರಣವಾಗಿ ಅದೇ ಜಾಗ. ಉಳಿದ ದಿನಗಳಲ್ಲಿ ಅದರ ಬಗ್ಗೆ ದಿನಕ್ಕೊಂದು ಪ್ರಶ್ನೆ: ಇದು ಎಂದು ಗಟ್ಟಿಯಾಯಿತು? ಅದರ ಮೇಲೆ ಯಾರು ಯಾರು ತುಳಿದರು? ನಾನೇ ಎಷ್ಟು ತುಳಿದೆ? ಸಡಿಲವಾದರೆ ಏನು ಕಳೆದುಕೊಳ್ಳುತ್ತೇನೆಂಬ ಭಯ? ಕಲ್ಲು ಸಿಕ್ಕಿದರೆ, ಅಂದರೆ ಮುಂದೆ ಬರೆಯಲಾಗದಷ್ಟು ನೋವಿನದು ಎದುರಾದರೆ, ಅಲ್ಲಿಗೆ ನಿಲ್ಲಿಸಿ. ಅದನ್ನು ಒಬ್ಬರೇ ಎತ್ತಬೇಡಿ. ನಂಬಿಕೆಯ ಗುರುಗಳು, ಸಿಸ್ಟರ್, ಬೇಕಾದರೆ ಆಪ್ತಸಮಾಲೋಚಕರು, ಯಾರನ್ನಾದರೂ ಜೊತೆಗೆ ಕರೆಯಿರಿ.

ಉಪವಾಸ, ದಾನಗಳ ಜಾಗ ಎಲ್ಲಿ ಎಂದು ಕೇಳಬಹುದು. ಅವೂ ಅಗೆಯುವ ಸಲಕರಣೆಗಳೇ, ಆರಿಸಿಕೊಂಡ ಜಾಗದ ಮೇಲೆ ಬಿದ್ದರೆ. ಅಣ್ಣನ ಜೊತೆ ಮಾತು ಬಿಟ್ಟವನು ಮೀನು ಬಿಟ್ಟರೆ ಗುದ್ದಲಿ ಪಕ್ಕದ ಹೊಲದಲ್ಲಿ ಬಿದ್ದ ಹಾಗೆ.

ಐದನೇ ವಾರ: ಗೊಬ್ಬರ

ಶುಭಸಂದೇಶದ ಗ್ರೀಕ್ ಮೂಲದಲ್ಲಿರುವ ಪದಕ್ಕೆ ಸಗಣಿ ಎಂದೇ ಅರ್ಥ. ಮುಂದಿನ ಅಧ್ಯಾಯದಲ್ಲಿ, ಸಪ್ಪೆಯಾದ ಉಪ್ಪು ತಿಪ್ಪೆಗೂ ಬೇಡ ಎಂಬಲ್ಲಿ, ಅದೇ ಬೇರಿನ ಪದ ಬರುತ್ತದೆ. ಪವಿತ್ರ ಗ್ರಂಥದಲ್ಲಿ ತಿಪ್ಪೆ! ಮನೆಯವರೆಲ್ಲ ಬೇಡ ಎಂದು ಹಿತ್ತಿಲ ಮೂಲೆಗೆ ಎಸೆದದ್ದು, ಅತಿಥಿಗಳು ಬಂದಾಗ ಕಾಣಬಾರದೆಂದು ಬಯಸುವುದು, ಅದನ್ನೇ ಬುಟ್ಟಿಯಲ್ಲಿ ಹೊತ್ತು ತರುತ್ತೇನೆ ಅನ್ನುತ್ತಾನೆ ತೋಟಗಾರ.

ಹಾಗಾದರೆ ನಮ್ಮ ತಿಪ್ಪೆಯಲ್ಲಿ ಏನಿದೆ? ಸೋತ ವ್ಯಾಪಾರ, ಮುರಿದ ನಿಶ್ಚಿತಾರ್ಥ, ಪಾಪನಿವೇದನೆಯಲ್ಲಿ ಹೇಳಿ ಮುಗಿಸಿದರೂ ನೆನಪಾದರೆ ಮುಖ ಕೆಂಪಾಗುವ ಸಂಗತಿ. ಒಂದನ್ನು ಬರೆದು, ಅದರಿಂದ ಈಗ ಯಾರಿಗಾದರೂ ಉಪಯೋಗವಾಗಿದೆಯೇ ನೋಡಿ. ಸಾಲದಲ್ಲಿ ಬಿದ್ದು ಎದ್ದವನಿಗೆ ಸಾಲಗಾರನ ರಾತ್ರಿ ಗೊತ್ತಿರುತ್ತದೆ. ಆ ಗೊತ್ತಿರುವಿಕೆಯೇ ಗೊಬ್ಬರ.

ಆದರೆ ಹಸಿ ಸಗಣಿ ಹಾಕಬಾರದು. ಬೇರು ಸುಡುತ್ತದೆ. ಗೊಬ್ಬರ ತಿಂಗಳುಗಟ್ಟಲೆ ಕೊಳೆತು, ಬಿಸಿ ಆರಿ, ವಾಸನೆ ಹೋಗಿ, ಮಣ್ಣಿನ ಬಣ್ಣಕ್ಕೆ ತಿರುಗಿರಬೇಕು. ಹೋದ ತಿಂಗಳ ಜಗಳ, ಈ ವರ್ಷದ ಸಾವು ಇನ್ನೂ ಹಸಿ. ಅವನ್ನು ಮುಟ್ಟಬೇಡಿ. ಬೇರೆಯವರ ತಿಪ್ಪೆಗಂತೂ ಕೈಹಾಕಲೇಬೇಡಿ. "ನಿಮ್ಮ ಕಷ್ಟವೆಲ್ಲ ದೇವರು ಹಾಕಿದ ಗೊಬ್ಬರ" ಎಂದು ದುಃಖದಲ್ಲಿರುವವರಿಗೆ ಹೇಳುವುದು, ಗೋಪುರ ಬಿದ್ದವರನ್ನು ಪಾಪಿಗಳು ಅಂದಷ್ಟೇ ದೊಡ್ಡ ತಪ್ಪು. ಕಥೋಲಿಕರು ಈ ವಾರದ ಕೊನೆಗೆ ಪಾಪನಿವೇದನೆಗೆ ಹೋಗುವುದು ಒಳ್ಳೆಯದು. ಪವಿತ್ರ ವಾರದ ಉದ್ದ ಸಾಲಿನಲ್ಲಿ ನಿಂತರೆ ಪಾದ್ರಿಗಳಿಗೂ ನಿಮಗೂ ಆತುರ.

ಪವಿತ್ರ ವಾರ: 'ಬಿಡು'

ಈ ವಾರ ಧ್ಯಾನಕ್ಕೆ ಒಂದೇ ಪದ. ತೋಟಗಾರ ಯಜಮಾನನಿಗೆ ಹೇಳುವ "ಬಿಡಿ" ಎಂಬ ಮಾತು ಗ್ರೀಕಿನಲ್ಲಿ 'ಆಫೆಸ್'. ಇರಲಿ ಬಿಡು ಎಂಬ ಅರ್ಥವೂ ಅದಕ್ಕಿದೆ, ಕ್ಷಮಿಸು ಎಂಬ ಅರ್ಥವೂ ಇದೆ. ಲೂಕನ 11ನೇ ಅಧ್ಯಾಯದಲ್ಲಿ, ನಮ್ಮ ಪಾಪಗಳನ್ನು ಕ್ಷಮಿಸು ಎಂದು ಕಲಿಸಿಕೊಟ್ಟ ಪ್ರಾರ್ಥನೆಯಲ್ಲಿ ಅದೇ ಪದ. 23ನೇ ಅಧ್ಯಾಯದಲ್ಲಿ ಶಿಲುಬೆಯ ಮೇಲಿಂದ, ತಂದೆಯೇ ಇವರನ್ನು ಕ್ಷಮಿಸು ಅನ್ನುವಾಗಲೂ ಅದೇ ಪದ. ಶುಭ ಶುಕ್ರವಾರ ಆ ವಾಕ್ಯ ಕಿವಿಗೆ ಬಿದ್ದಾಗ, ಗುದ್ದಲಿ ಹಿಡಿದು ಮರಕ್ಕೂ ಕೊಡಲಿಗೂ ನಡುವೆ ನಿಂತ ಆ ಕೂಲಿಯ ಮನುಷ್ಯ ನನ್ನ ಕಣ್ಣಮುಂದೆ ಬರುತ್ತಾನೆ. ಜ್ಞಾನೋಪದೇಶದ ವ್ಯಾಖ್ಯಾನವನ್ನು ಪಕ್ಕಕ್ಕಿಡಿ ಅಂದಿದ್ದೆನಲ್ಲ, ಈಗ ವಾಪಸ್ ತೆಗೆದುಕೊಳ್ಳಿ.

ನಮ್ಮ ಕನ್ನಡ ಇಲ್ಲಿ ಗ್ರೀಕಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮಾಂಸ ಬಿಟ್ಟೆ ಎಂಬಲ್ಲೂ ಬಿಡುವುದೇ, ಹೋಗಲಿ ಬಿಡು ಎಂದು ಮನ್ನಿಸುವಲ್ಲೂ ಬಿಡುವುದೇ, ಮರ ಹಣ್ಣು ಬಿಟ್ಟಿತು ಎಂಬಲ್ಲೂ ಬಿಡುವುದೇ. "ಇದೊಂದು ವರ್ಷ ಬಿಡಿ, ಹಣ್ಣು ಬಿಟ್ಟರೆ ಸರಿ." ಅಜ್ಜಿ ಅಂ‌ದದ್ದೂ ಅದನ್ನೇ. ಸೋಮವಾರದಿಂದ ಬುಧವಾರದವರೆಗೆ ದಿನಕ್ಕೊಂದು ಅರ್ಥ ಹಿಡಿದು ಕೂತುಕೊಳ್ಳಿ: ಈ 40 ದಿನ ಏನು ಬಿಟ್ಟೆ? ಯಾರನ್ನು ಬಿಟ್ಟುಕೊಟ್ಟೆ, ಯಾರನ್ನು ಮನ್ನಿಸಿ ಬಿಟ್ಟೆ? ಏನು ಬಿಡುತ್ತಿದೆ? ಎರಡನೇ ವಾರ ಯಜಮಾನನ ಜಾಗದಲ್ಲಿ ಕೂತು ಬರೆದ ಹೆಸರುಗಳನ್ನು ತೆಗೆದು, ಒಂದೊಂದರ ಪಕ್ಕದಲ್ಲೂ ಈ ಪದ ಬರೆಯಲು ನೋಡಿ. ಎಲ್ಲದಕ್ಕೂ ಆಗುವುದಿಲ್ಲ. ಪಾದ್ರಿಯ ಹೆಸರಿನ ಪಕ್ಕ ಬರೆಯಲು ನನಗೆ ಇನ್ನೊಂದು ವರ್ಷ ಬೇಕಾಯಿತು.

ಪ್ರಾರ್ಥನೆಗೆ ದೊಡ್ಡ ಮಾತು ಬೇಡ. ತೋಟಗಾರನೊಡನೆ ತೋಟದಲ್ಲಿ ನಿಂತು ಮಾತಾಡಿದ ಹಾಗೆ ಮಾತಾಡಿ. ನಾನು ಹೇಳಿಕೊಳ್ಳುವುದು ಇಷ್ಟು: ಸ್ವಾಮಿ, ಮಣ್ಣು ಗಟ್ಟಿಯಿದೆ. ನಿಮ್ಮ ಕೈಗೆ ಬೊಬ್ಬೆ ಬಂದಿದೆ. ನಾನು ಓಡಿಹೋಗುವುದಿಲ್ಲ, ಅಗೆಯಿರಿ.

ಹಣ್ಣನ್ನು ಗುರುತಿಸುವುದು

ಧ್ಯಾನ ಚೆನ್ನಾಗಿ ಆಯಿತು, ಕಣ್ಣಲ್ಲಿ ನೀರು ಬಂತು ಎಂಬುದನ್ನು ಹಣ್ಣು ಅಂದುಕೊಳ್ಳಬೇಡಿ. ಲೂಕನಲ್ಲಿ ಕೊಡಲಿ ಮೊದಲು ಕಾಣಿಸಿಕೊಳ್ಳುವುದು 3ನೇ ಅಧ್ಯಾಯದಲ್ಲಿ. ಮರದ ಬುಡಕ್ಕೆ ಆಗಲೇ ಕೊಡಲಿ ಬಿದ್ದಿದೆ ಎಂದು ಸ್ನಾನಿಕ ಯೊವಾನ್ನ ಗುಡುಗುತ್ತಾನೆ. ಹಾಗಾದರೆ ಏನು ಮಾಡೋಣ ಎಂದು ಜನ ಕೇಳಿದಾಗ ಅವನ ಉತ್ತರ ಬಹಳ ನೆಲದ ಮೇಲಿನದು. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವನು ಗೊತ್ತಾದದ್ದಕ್ಕಿಂತ ಹೆಚ್ಚು ವಸೂಲಿ ಮಾಡದಿರಲಿ. ಸೈನಿಕ ಬೆದರಿಸಿ ಕಿತ್ತುಕೊಳ್ಳದೆ ಸಂಬಳದಲ್ಲಿ ತೃಪ್ತನಾಗಿರಲಿ. ಅಂಗಿ, ಸುಂಕ, ಸಂಬಳ: ಹಣ್ಣೆಂದರೆ ಇವು. ಅಣ್ಣನ ಮನೆಯ ಗೇಟು ತೆರೆದು ಒಳಗೆ ಹೋದದ್ದು ಹಣ್ಣು. ಹೋಗಬೇಕು ಅನ್ನಿಸಿದ್ದು ಹೀಚು. ಏನೂ ಕಾಣದಿದ್ದರೆ ಅಂಜೂರದ ಹೂವನ್ನು ನೆನೆಯಿರಿ.

ಗುಂಪಿನಲ್ಲಿ ಮಾಡುವವರಿಗೆ ನಾಲ್ಕು ಮಾತು. 45 ನಿಮಿಷ ಮೀರಬೇಡಿ. ವೃತ್ತದ ಹಾಳೆಯನ್ನು ಯಾರೂ ಯಾರಿಗೂ ತೋರಿಸಬೇಕಿಲ್ಲ. ಮಕ್ಕಳಿದ್ದರೆ ಚಿತ್ರ ಬರೆಸಿ, ಮರಕ್ಕೆ ಹಣ್ಣು ಹಾಕಬೇಕೋ ಬೇಡವೋ ಎಂದು ಅವರೇ ಜಗಳವಾಡಲಿ. ಒಬ್ಬರು ಉಪದೇಶ ಶುರುಮಾಡಿದರೆ ಒಂದು ಹಾಡು ಹಾಡಿಬಿಡಿ.

ಗರಿಯ ಹಿಂದೆ ಒಂದು ಚೀಟಿ

ಕೊನೆಯ ಕೆಲಸ ಪವಿತ್ರ ಶನಿವಾರದ್ದು. ಸಾಮತಿಗೆ ಕೊನೆಯಿಲ್ಲ, ನೀವೂ ಬರೆಯಬೇಡಿ. ಬದಲಿಗೆ ಒಂದು ಸಣ್ಣ ಚೀಟಿಯಲ್ಲಿ ಅಂದಿನ ತಾರೀಖು, ಎಲ್ಲಿ ಅಗೆದಿರಿ ಎಂಬ ಒಂದು ಸಾಲು, ಯಾವ ಗೊಬ್ಬರ ಎಂಬ ಒಂದು ಸಾಲು ಬರೆಯಿರಿ. ಗರಿಗಳ ಭಾನುವಾರ ತಂದ ತೆಂಗಿನ ಗರಿ ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿರುತ್ತೀರಲ್ಲ, ಚೀಟಿಯನ್ನು ಮಡಚಿ ಅದರ ಹಿಂದೆ ಇಡಿ. ಮುಂದಿನ ವಿಭೂತಿ ಬುಧವಾರಕ್ಕೆ ಮುಂಚೆ, ಬೂದಿ ಮಾಡಲು ಹಳೇ ಗರಿ ತಂದುಕೊಡಿ ಎಂದು ಚರ್ಚಿನಲ್ಲಿ ಪ್ರಕಟಣೆ ಬರುತ್ತದೆ. ಆಗ ಗರಿ ಎಳೆದರೆ ಚೀಟಿ ಕೆಳಗೆ ಬೀಳುತ್ತದೆ. ಗರಿಯನ್ನು ಚರ್ಚಿಗೆ ಕೊಡಿ. ಚೀಟಿಯನ್ನು ಓದಿ, ಅದೇ ಪೆನ್ಸಿಲ್‌ನಲ್ಲಿ ಕೆಳಗೆ ಇನ್ನೊಂದು ಸಾಲು ಬರೆದು, ಲೂಕನ 13ನೇ ಅಧ್ಯಾಯದ ಪುಟದಲ್ಲಿಡಿ.